ಈರಗಾರಪ್ಪನಿಗೆ ಸಿಲ್ವರ್ ಪೇಂಟ್ ಹೊಡೆದವಳು ನಾನೇ

1/8

ಮೊದಲು ಫೋಟೋ ನೋಡಿ, ಆಮೇಲೆ ಓದಿ. ಉದ್ದ ಇದೆ, ಎಂಟು ಪೋಸ್ಟ್. ಬೈಕೊಂಡಾದ್ರೂ ಪೂರ್ತಿ ಓದಿ ಪ್ಲೀಸ್.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಒಂದು ರೀಲ್ ಓಡಾಡ್ತಿತ್ತು, ನಿಮ್ಮಲ್ಲಿ ತುಂಬಾ ಜನ ನೋಡಿದೀರ. ಬೆಲ್ಜಿಯಂ ದೇಶದ ಟೈನ್ ಕಾಟ್ ಅನ್ನೋ ಯುದ್ಧ ಸ್ಮಶಾನ. ಬಿಳಿ ಕಲ್ಲುಗಳು, ಎನ್‌ಸಿಸಿ ಪರೇಡಿಗೆ ನಿಂತ ಹಾಗೆ ಸಾಲು ಸಾಲು. ಮೊದಲನೇ ಮಹಾಯುದ್ಧದಲ್ಲಿ ಸತ್ತ ಸುಮಾರು 12,000 ಸೈನಿಕರ ಸಮಾಧಿ ಅಲ್ಲಿದೆ. ಅದರಲ್ಲಿ 8,300ಕ್ಕೂ ಹೆಚ್ಚು ಜನ ಯಾರು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದವರ ಕಲ್ಲಿನ ಮುಂದೆಯೂ ಹೂಗಿಡ, ಅಂಚು ಕತ್ತರಿಸಿದ ಹುಲ್ಲು. ನೂರು ವರ್ಷ ಆದಮೇಲೂ!

ಕೆಳಗೆ ಕಾಮೆಂಟ್‌ಗಳು ನಿಮಗೇ ಗೊತ್ತಲ್ಲ. "ನಮ್ಮೋರು ಇವರನ್ನ ನೋಡಿ ಕಲೀಬೇಕು." "ನಮ್ ದೇಶದಲ್ಲಿ ಸತ್ತೋರಿಗೆ ಬೆಲೆನೇ ಇಲ್ಲ ಗುರು." ನಾನೂ ಒಂದು ಹಾರ್ಟ್ ಒತ್ತಿದೆ. ಒತ್ತಿ ಫೋನ್ ಕೆಳಗಿಟ್ಟ ಮೇಲೆ ಯಾಕೋ ಹೊಟ್ಟೆ ಒಳಗೆ ಒಂಥರಾ ಆಯ್ತು.

ಯಾಕೆ ಅಂದ್ರೆ ಮೇಲಿನ ಫೋಟೋದಲ್ಲಿ ಬೆಳ್ಳಗೆ ಹೊಳೀತಿರೋ ಕಲ್ಲಿದೆಯಲ್ಲ, ಅದು ನಮ್ಮಜ್ಜಿ ಊರಿನ ವೀರಗಲ್ಲು. ಕುಣಿಗಲ್ ತಾಲೂಕು, ಕೆರೆ ಏರಿ ಪಕ್ಕ. ಆ ಹೊಳಪು ಕಲ್ಲಿಂದಲ್ಲ, ಸಿಲ್ವರ್ ಎನಾಮಲ್ ಪೇಂಟಿಂದ. ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಊರ ಜಾತ್ರೆಗೆ ಮುಂಚೆ ನಾವು ಮಕ್ಕಳೆಲ್ಲ ಸೇರಿ ಎರಡು ಕೋಟ್ ಹೊಡೆದ್ವಿ. ಮಾವನ ಮಗ ಡಬ್ಬ ಹಿಡಿದಿದ್ದ, ಬ್ರಶ್ ನನ್ನ ಕೈಲಿತ್ತು. ಎಲ್ರೂ "ಎಷ್ಟ್ ಚೆನ್ನಾಗ್ ಕಾಣ್ತದೆ" ಅಂದ್ರು. ನಂಗೂ ಹಂಗೇ ಅನ್ಸಿತ್ತು.

2/8

ವೀರಗಲ್ಲು ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. (ಗೊತ್ತಿರೋರು ಸ್ವೈಪ್ ಮಾಡಿ.)

ಊರಿಗಾಗಿ ಹೋರಾಡಿ ಸತ್ತವನ ನೆನಪಿಗೆ ನೆಡೋ ಕಲ್ಲು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತೆ. ಕೆಳಗಿನದರಲ್ಲಿ ಕಾಳಗ. ನಡುವೆ ಅಪ್ಸರೆಯರು ಆ ವೀರನನ್ನ ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರ್ತಾನೆ, ಜೈನರ ಕಲ್ಲಾದರೆ ಜಿನನ ಮುಂದೆ. ಪಟ್ಟಿಗಳ ನಡುವಿನ ಅಂಚಲ್ಲಿ ಕೆಲವು ಸಲ ಅಕ್ಷರ. ಎಲ್ಲಾ ದೊಡ್ಡ ದೊಡ್ಡ ರಾಜರ ಯುದ್ಧ ಅಂದ್ಕೋಬೇಡಿ. ಶಾಸನಗಳಲ್ಲಿ ಮತ್ತೆ ಮತ್ತೆ ಬರೋ ಪದ ತುರುಗೊಳ್, ಅಂದ್ರೆ ದನ ಹೊಡ್ಕೊಂಡು ಹೋಗೋದು. ಅದನ್ನ ತಡೆಯೋಕೆ ಹೋಗಿ ಸತ್ತವರು. ಊರಳಿವು ಅಂತ ಇನ್ನೊಂದು, ಊರಿಗೆ ಊರೇ ಹಾಳಾಗೋ ದಾಳಿಯಲ್ಲಿ ಸತ್ತವರು. ಹೆಣ್ಣುಮಕ್ಕಳ ಮಾನ ಕಾಯೋಕೆ ಹೋಗಿ ಸತ್ತವರು, ಹುಲಿ ಹಂದಿ ಜೊತೆ ಹೋರಾಡಿ ಸತ್ತವರು.

ನಮ್ಮಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಅದು ಈರಗಾರಪ್ಪ. ಸೋಮವಾರ ಸೋಮವಾರ ಒಂದು ಚೊಂಬು ನೀರು, ಅರಿಶಿನ ಕುಂಕುಮ, ಒಂದು ಹೂವು. ಯಾರಜ್ಜಿ ಇದು ಅಂತ ಕೇಳಿದ್ರೆ, "ಯಾರೋ ನಮ್ಮೂರ್ ದನ ಬಿಡಿಸ್ಕೊಂಡ್ ಬರಕ್ ಹೋಗಿ ಸತ್ತೋರು ಕಣ್ ಮಗ, ನಮ್ಮೋರೇ" ಅಂತಾರೆ. ಯಾರೂ ಓದದೇ ಇರೋ ಕಲ್ಲಿನ ವಿಷಯ ಅವರಿಗೆ ಹೆಂಗೆ ಗೊತ್ತು ಅಂತ ನಾನು ಆಗ ಕೇಳಲಿಲ್ಲ.

3/8

ಈಗ ಯುರೋಪಿಗೆ ಬರೋಣ. ಆ ಹುಲ್ಲು ತಾನಾಗೇ ಕತ್ತರಿಸ್ಕೊಳ್ಳಲ್ಲ ಅಲ್ವಾ. ಯಾರು ಮಾಡ್ತಾರೆ, ದುಡ್ಡು ಯಾರದ್ದು? ಬಿಕಾಂ ಓದೋರಿಗೆ ಮೊದಲು ಬರೋ ಪ್ರಶ್ನೆ ಇದೇ.

1917ರ ಮೇ ತಿಂಗಳಲ್ಲಿ, ಯುದ್ಧ ಇನ್ನೂ ನಡೀತಿರುವಾಗಲೇ, ಬ್ರಿಟಿಷ್ ಸಾಮ್ರಾಜ್ಯ ಇದಕ್ಕೆ ಅಂತಲೇ ಒಂದು ಕಮಿಷನ್ ಮಾಡ್ತು. ಈಗ ಅದರ ಹೆಸರು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಲೆಕ್ಕ ಅವರ ಹತ್ತಿರ ಇದೆ, 150ಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 23,000 ಜಾಗ. ಖರ್ಚನ್ನ ಆರು ದೇಶ ಹಂಚ್ಕೊಂತಾವೆ: ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ. ಹೌದು, ನಾವೂ ಕೊಡ್ತೀವಿ. ಯಾರ ಕಡೆಯವರ ಸಮಾಧಿ ಎಷ್ಟಿದೆಯೋ ಅಷ್ಟು ಪಾಲು. ಪಾರ್ಟ್ನರ್‌ಶಿಪ್ ಅಕೌಂಟ್ಸಲ್ಲಿ ರೇಶಿಯೋ ಹಾಕ್ತೀವಲ್ಲ, ಹಂಗೇ.

ನಂಗೆ ಇಷ್ಟ ಆಗಿದ್ದು ಅವರ ರೂಲ್ಸ್. ಜನರಲ್ ಆಗಲಿ ಸಿಪಾಯಿ ಆಗಲಿ, ಕಲ್ಲಿನ ಅಳತೆ ಒಂದೇ, ಎರಡು ಅಡಿ ಎಂಟು ಇಂಚು ಎತ್ತರ. ದುಡ್ಡಿದ್ದವರು ಮಗನ ದೇಹ ಊರಿಗೆ ತರಿಸ್ಕೊಳ್ಳೋ ಹಾಗಿಲ್ಲ, ಎಲ್ಲಿ ಸತ್ತನೋ ಅಲ್ಲೇ, ಜೊತೆಗಾರರ ಪಕ್ಕದಲ್ಲೇ. ಮನೆಯವರು ಕಲ್ಲಿನ ಮೇಲೆ ತಮ್ಮ ಒಂದು ಮಾತು ಬರೆಸಬಹುದಿತ್ತು, 66 ಅಕ್ಷರದ ಒಳಗೆ. ನಾವು ಬಯೋದಲ್ಲಿ ಅಕ್ಷರ ಲೆಕ್ಕ ಹಾಕ್ತೀವಿ, ಆ ತಾಯಂದಿರು ಮಗನ ಬಗ್ಗೆ ಬರೆಯೋಕೆ ಲೆಕ್ಕ ಹಾಕಿದ್ರು.

ಆ ಹೂಗಿಡ ಇದೆಯಲ್ಲ, ಅದು ಬರೀ ಶೋಕಿಗಲ್ಲ. ಮಳೆ ಬಂದಾಗ ಮಣ್ಣು ಸಿಡಿದು ಕಲ್ಲಿನ ಅಕ್ಷರಕ್ಕೆ ಹತ್ತಬಾರದು ಅಂತ ಕಲ್ಲಿನ ಬುಡಕ್ಕೆ ಗಿಡ್ಡ ಗಿಡ ಹಾಕ್ತಾರೆ. ಇಷ್ಟು ಸಣ್ಣ ವಿಷಯ ಯಾರೋ ಕೂತು ಯೋಚನೆ ಮಾಡಿದ್ದಾರೆ ನೋಡಿ.

ಜರ್ಮನಿಯದು ಇನ್ನೊಂದು ಕಥೆ. ಸೋತ ದೇಶ, ಬೇರೆಯವರ ನೆಲದಲ್ಲಿ ಅವರ ಲಕ್ಷಾಂತರ ಹೆಣ. ಅಲ್ಲಿ ಈ ಕೆಲಸ ಮಾಡೋದು 1919ರಲ್ಲಿ ಜನರೇ ಕಟ್ಟಿಕೊಂಡ ಒಂದು ಸಂಘ, ಫೋಲ್ಕ್ಸ್‌ಬುಂಡ್ ಅಂತ. ಬಹುಪಾಲು ಚಂದಾ ದುಡ್ಡಲ್ಲಿ ನಡೆಯುತ್ತೆ. 1953ರಲ್ಲಿ ಬೆಲ್ಜಿಯಂನ ಲೊಮ್ಮೆಲ್ ಅನ್ನೋ ಜಾಗದಲ್ಲಿ ಹುಡುಗ ಹುಡುಗೀರನ್ನ ಸೇರಿಸಿ ಸ್ಮಶಾನದ ಕೆಲಸಕ್ಕೆ ಮೊದಲ ಕ್ಯಾಂಪ್ ಮಾಡಿದ್ರು, ಆ ಥರ ಕ್ಯಾಂಪ್ ಈಗಲೂ ನಡೀತಾವೆ. ನಮ್ಮ ಎನ್‌ಎಸ್‌ಎಸ್ ಕ್ಯಾಂಪ್ ಇದ್ದ ಹಾಗೆ. ನೆದರ್‌ಲೆಂಡ್ಸ್‌ನ ಮಾರ್ಗ್ರಾಟೆನ್‌ನಲ್ಲಿ ಅಮೆರಿಕದ 8,000ಕ್ಕೂ ಹೆಚ್ಚು ಸೈನಿಕರ ಸಮಾಧಿ ಇದೆ, ಪ್ರತಿಯೊಂದನ್ನೂ ಅಲ್ಲಿನ ಒಂದೊಂದು ಕುಟುಂಬ ದತ್ತು ತಗೊಂಡಿದೆ. ದತ್ತು ತಗೊಳ್ಳೋಕೆ ವೇಟಿಂಗ್ ಲಿಸ್ಟ್ ಇದೆ ಕಣ್ರೋ!

4/8

ಇದನ್ನೆಲ್ಲಾ ಓದ್ತಾ ಇದ್ದಾಗ ಫಸ್ಟ್ ಇಯರ್ ಅಕೌಂಟ್ಸ್ ನೆನಪಾಯ್ತು. ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ರೆವೆನ್ಯೂ ಎಕ್ಸ್‌ಪೆಂಡಿಚರ್. ಮೆಷಿನ್ ತಗೊಳ್ಳೋದು ಒಂದು, ಅದಕ್ಕೆ ದಿನಾ ಎಣ್ಣೆ ಬಿಡೋದು ಇನ್ನೊಂದು. ಕಲ್ಲು ನೆಡೋದು ಒಂದು ದಿನದ ಕೆಲಸ. ಟೇಪ್ ಕಟ್ ಮಾಡ್ಬೋದು, ಫ್ಲೆಕ್ಸ್ ಹಾಕ್ಬೋದು, ಫೋಟೋ ಬರುತ್ತೆ. ಆಮೇಲೆ ಪ್ರತಿ ವಾರ ಅದರ ಬುಡದ ಕಳೆ ಕೀಳೋದಿದೆಯಲ್ಲ, ಅದಕ್ಕೆ ಯಾರೂ ಫ್ಲೆಕ್ಸ್ ಹಾಕಲ್ಲ. ಯುರೋಪಿನವರಿಗೆ ಸತ್ತವರ ಮೇಲೆ ನಮಗಿಂತ ಜಾಸ್ತಿ ಪ್ರೀತಿ ಅಂತ ನಂಗೇನೂ ಅನ್ಸಲ್ಲ. ಅವರು ಎರಡನೇ ಖರ್ಚನ್ನ ಮೊದಲೇ ಬರೆದಿಟ್ಟರು, ಅಷ್ಟೇ.

ನಾನು ಅಂದ್ಕೊಂಡಿದ್ದೆ, ಈ ಬುದ್ಧಿ ನಮಗೆ ಯಾವತ್ತೂ ಇರಲಿಲ್ಲ ಅಂತ. ತಪ್ಪು.

ಕುಣಿಗಲ್‌ಗೆ ಪಕ್ಕದ್ದೇ ಮದ್ದೂರು ತಾಲೂಕು. ಅಲ್ಲಿ ಆತಕೂರು ಅಂತ ಊರು. ಅಲ್ಲಿ ಸಿಕ್ಕ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ, ಕ್ರಿ.ಶ. 949-50ರದ್ದು. ಗಂಗರ ದೊರೆ ಬೂತುಗನ ಹತ್ತಿರ ಮಣಲೆರ ಅನ್ನೋ ವೀರ ಇದ್ದ. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ ಆದಾಗ ಇವನ ಶೌರ್ಯ ಮೆಚ್ಚಿ ದೊರೆ ಏನು ಬೇಕು ಕೇಳು ಅಂದ. ಇವನು ಕೇಳಿದ್ದು ಕಾಳಿ ಅನ್ನೋ ನಾಯಿ. ಆ ನಾಯಿ ಆಮೇಲೆ ಒಂದು ಕಾಡುಹಂದಿ ಜೊತೆ ಕಾದಾಡ್ತು, ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟರು!

ಇಲ್ಲೀವರೆಗೂ ಕಥೆ ತುಂಬಾ ಜನಕ್ಕೆ ಗೊತ್ತು, ರೀಲ್ ಕೂಡ ಇದೆ. ನಂಗೆ ಮುಖ್ಯ ಆಗಿದ್ದು ಅದರ ಮುಂದಿನ ಸಾಲು. ಆ ಕಲ್ಲಿಗೆ ಜಮೀನು ಬಿಟ್ಟಿದ್ದಾರೆ. ಆ ಜಮೀನು ಅನುಭವಿಸೋ ಗೊರವ ದಿನಾ ಕಲ್ಲಿಗೆ ಪೂಜೆ ಮಾಡಬೇಕು, ಮಾಡದೆ ಊಟ ಮಾಡಿದ್ರೆ ನಾಯಿಯ ಪಾಪ ಅವನಿಗೆ ಸುತ್ತಿಕೊಳ್ಳುತ್ತೆ ಅಂತ ಅದೇ ಕಲ್ಲಲ್ಲಿ ಕೆತ್ತಿಸಿದ್ದಾರೆ. ಓದಿ ನಾನು ಜೋರಾಗಿ ನಕ್ಕುಬಿಟ್ಟೆ, ಲೈಬ್ರರಿಯಲ್ಲಿ ಎಲ್ರೂ ತಿರುಗಿ ನೋಡಿದ್ರು. ಆಸ್ತಿ ಇದೆ, ಅದರ ವರಮಾನ ಇದೆ, ನೋಡ್ಕೊಳ್ಳೋನು ಇದ್ದಾನೆ, ನೋಡ್ಕೊಳ್ಳದಿದ್ರೆ ಪೆನಾಲ್ಟಿ ಇದೆ. ಇದು ಪಕ್ಕಾ ಮೇಂಟೆನೆನ್ಸ್ ಕಾಂಟ್ರಾಕ್ಟ್ ಅಲ್ವಾ? ಒಂದು ನಾಯಿಯ ಕಲ್ಲಿಗೆ, ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ.

ಸತ್ತವನ ಮನೆಯವರಿಗೆ ಕೊಡ್ತಿದ್ದ ಜಮೀನಿಗೆ ನೆತ್ತರುಗೊಡಗೆ ಅಂತ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಇದಕ್ಕಿಂತ ನೇರವಾಗಿ ಯಾವ ಭಾಷೆಯಲ್ಲಿ ಹೇಳೋಕಾಗುತ್ತೆ?

5/8

ಆ ಜಮೀನುಗಳೆಲ್ಲ ಯಾವ ಕಾಲಕ್ಕೋ ಕೈ ಬದಲಾದವು. ದೇವಸ್ಥಾನಕ್ಕೆ, ಸೇವೆಗೆ ಅಂತ ಉಳಿದಿದ್ದ ಇನಾಮುಗಳನ್ನೂ 1954, 1955ರ ಮೈಸೂರು ಕಾಯ್ದೆಗಳು ರದ್ದು ಮಾಡಿದವು. ನಾನು ಅದನ್ನ ತಪ್ಪು ಅನ್ನಲ್ಲ. ಉಳುವವನಿಗೆ ಭೂಮಿ ಸಿಗಬೇಕಾಗಿತ್ತು, ನಮ್ಮ ಮನೆಗೂ ಹಂಗೇ ಸಿಕ್ಕಿದ್ದು. ಆದರೆ ಜಮೀನಿನ ಜೊತೆ ಇದ್ದ ಕೆಲಸ ಯಾರ ಪಾಲಿಗೂ ಬರಲಿಲ್ಲ. ನಮ್ಮಜ್ಜಿ ಥರದವರು ಒಂದು ಗುಂಟೆಯನ್ನೂ ಪಡೆಯದೆ ಆ ಕೆಲಸ ಮಾಡ್ಕೊಂಡು ಬಂದ್ರು.

ಅದಕ್ಕೇ "ನಮ್ಮೋರಿಗೆ ಬೆಲೆ ಇಲ್ಲ" ಅನ್ನೋ ಕಾಮೆಂಟ್ ಓದಿದ್ರೆ ಈಗ ಕೋಪ ಬರುತ್ತೆ. ಎಣ್ಣೆ, ಕುಂಕುಮ ಹಾಕಿ ಕಲ್ಲು ಹಾಳು ಮಾಡ್ತಾರೆ ಅಂತ ಓದಿದವರು ಬೈತಾರೆ. ಸ್ವಲ್ಪ ನಿಜ ಇರಬಹುದು. ಆದರೆ ಪೂಜೆ ಇರೋ ಕಲ್ಲನ್ನ ಜೆಸಿಬಿಯವನು ಮುಟ್ಟೋಕೆ ಹೆದರ್ತಾನೆ. ಪೂಜೆ ನಿಂತ ಕಲ್ಲು ಚರಂಡಿ ಚಪ್ಪಡಿ ಆಗುತ್ತೆ. ಗುಬ್ಬಿ ಕಡೆಯ ನಮ್ಮ ಕ್ಲಾಸ್‌ಮೇಟ್ ಕಳಿಸಿದ ಫೋಟೋ ಹಾಕಿದೀನಿ, ನಾಲ್ಕನೇದು. ಅಡಿಕೆ ತೋಟದ ಕಾಲುವೆ ದಾಟೋಕೆ ಹಾಕಿರೋ ಹಾಸುಗಲ್ಲು ನೋಡಿ. ಜೂಮ್ ಮಾಡಿ. ಕುದುರೆ ಕಾಣ್ತಿದೆಯಾ? ಕುದುರೆ ಮೇಲೆ ಒಬ್ಬ ಇದ್ದಾನೆ, ಮುಖ ಸವೆದುಹೋಗಿದೆ. ಅವರ ಮನೆಯವರು ಕೆಟ್ಟವರಲ್ಲ, ಅವರ ತಾತನ ಕಾಲಕ್ಕೇ ಅದು ಅಲ್ಲಿತ್ತಂತೆ.

6/8

ಯುರೋಪನ್ನ ಹೊಗಳಿದ್ದು ಸಾಕು, ಇನ್ನೊಂದು ಮುಖವನ್ನೂ ಹೇಳ್ಬೇಕು.

"ಎಲ್ಲರಿಗೂ ಒಂದೇ ಅಳತೆಯ ಕಲ್ಲು" ಅನ್ನೋ ಆ ರೂಲ್ ಎಲ್ಲರಿಗೂ ನಡೀಲಿಲ್ಲ. ಫ್ರಾನ್ಸ್‌ನ ನವ್ ಶಪೆಲ್‌ನಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರಿರೋ ಸ್ಮಾರಕ ಇದೆ, 1927ರಲ್ಲಿ ಆಗಿದ್ದು, ಚೆನ್ನಾಗಿ ಇಟ್ಟಿದ್ದಾರೆ. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರು ಕೆತ್ತಲಿಲ್ಲ, ಇಂಥ ದಳದವರು ಇಷ್ಟು ಜನ ಅಂತ ಸಂಖ್ಯೆ ಹಾಕಿದ್ರು. ಬ್ರಿಟಿಷ್ ಸೈನಿಕನಿಗೆ ಹೆಸರು, ನಮ್ಮವನಿಗೆ ನಂಬರ್. 2021ರಲ್ಲಿ ಆ ಕಮಿಷನ್ನೇ ವರದಿ ತಂದು ಕ್ಷಮೆ ಕೇಳ್ತು: ಮೊದಲನೇ ಯುದ್ಧದಲ್ಲಿ ಸತ್ತ ಕನಿಷ್ಠ 1,16,000 ಜನರಿಗೆ, ಬಹುಶಃ 3,50,000ದವರೆಗೂ, ಹೆಸರಿನ ನೆನಪೇ ಇಲ್ಲ ಅಥವಾ ಯಾವ ನೆನಪೂ ಇಲ್ಲ. ಹೆಚ್ಚಿನವರು ಆಫ್ರಿಕಾ, ಮಧ್ಯಪ್ರಾಚ್ಯದವರು. ನಾವು ನೋಡೋ ರೀಲ್‌ನಲ್ಲಿ ಬರೋದು ಟೈನ್ ಕಾಟ್, ಬಸ್ರಾ ಅಲ್ಲ.

ನಮ್ಮ ಮೈಸೂರು ಲ್ಯಾನ್ಸರ್ಸ್ ಗೊತ್ತಾ? ಕುಣಿಗಲ್ ಸ್ಟಡ್ ಫಾರಂ ಮುಂದೆ ಬಸ್ಸಲ್ಲಿ ಹೋಗುವಾಗೆಲ್ಲ ಟಿಪ್ಪು ಕಾಲದ ಕುದುರೆ ಫಾರಂ ಅಂತ ಹೇಳ್ಕೊಂತೀವಲ್ಲ, ಮೈಸೂರಿನ ಕುದುರೆ ಸವಾರರ ಕಥೆ ಅಲ್ಲಿಗೇ ಮುಗೀಲಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಅವರು ಹೈಫಾ ಪಟ್ಟಣ ಗೆದ್ದರು. ಆ ಊರಿನ ಭಾರತೀಯ ಸ್ಮಶಾನವನ್ನ ಇವತ್ತಿಗೂ ಆ ಕಮಿಷನ್ ನೋಡ್ಕೊಂತಿದೆ. ಅವರ ಇನ್ನೊಂದು ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲೇ ಇದೆ. ನಮ್ಮ ಕ್ಲಾಸಲ್ಲಿ ಮೆಜೆಸ್ಟಿಕ್‌ಗೆ ತಿಂಗಳಿಗೆ ಎರಡು ಸಲ ಹೋಗೋರು ಇದ್ದಾರೆ, ಕೇಳಿ ನೋಡಿದೆ, ಒಬ್ಬರೂ ನೋಡಿಲ್ಲ. ನಾನೂ ನೋಡಿಲ್ಲ.

ಇನ್ನು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ. ಕಾವೇರಿ ದಂಡೆ ಮೇಲೆ 300ರಷ್ಟು ಸಮಾಧಿ, ಟಿಪ್ಪು ಸತ್ತ ಮೇಲೆ ಅಲ್ಲಿದ್ದ ಯುರೋಪಿನವರದ್ದು. ಅದರಲ್ಲಿ ಡಿ ಮ್ಯೂರನ್ ಅನ್ನೋ ಸ್ವಿಸ್ ರೆಜಿಮೆಂಟಿನವರೂ ಇದ್ದಾರೆ. ಇನ್ನೂರು ವರ್ಷ ಆದ್ಮೇಲೆ ಆ ಮನೆತನದವರು ಸ್ವಿಟ್ಜರ್ಲೆಂಡಿಂದ ಬಂದು ದುರಸ್ತಿಗೆ ನೆರವಾದ್ರು. ನಾನು ಅಜ್ಜಿ ಮನೆಗೆ ಹೋಗೋದು ಒಂದೂವರೆ ಗಂಟೆ ದಾರಿ.

7/8

ಈಗ ಕಮೆಂಟಲ್ಲಿ ಬರೋದು ನಂಗೆ ಗೊತ್ತು, ಮನೇಲೂ ಅಣ್ಣ ಇದೇ ಕೇಳಿದ: "ಬದುಕಿರೋರಿಗೇ ಶಾಲೆ ಸೋರ್ತಿದೆ, ಸತ್ತೋರ ಕಲ್ಲಿಗೆ ಯಾಕೆ ದುಡ್ಡು?"

ಒಳ್ಳೇ ಪ್ರಶ್ನೆ, ತಳ್ಳಿಹಾಕಲ್ಲ. ನಾನು ಅಮೃತಶಿಲೆ ಕೇಳ್ತಿಲ್ಲ, ಗಾರ್ಡನ್ ಕೇಳ್ತಿಲ್ಲ. ನಾನು ಕೇಳ್ತಿರೋದು ಒಂದು ಎಂಟ್ರಿ. ಗ್ರಾಮ ಪಂಚಾಯ್ತಿಯಲ್ಲಿ ಆಸ್ತಿ ರಿಜಿಸ್ಟರ್ ಇರುತ್ತೆ. ಬೋರ್‌ವೆಲ್ ಇದೆ, ಬೀದಿ ದೀಪ ಇದೆ, ಸಮುದಾಯ ಭವನ ಇದೆ. ಅದರಲ್ಲಿ ನಮ್ಮೂರ ಕಲ್ಲುಗಳು ಯಾಕಿಲ್ಲ? ಒಂದು ಫೋಟೋ, ಎಲ್ಲಿದೆ ಅನ್ನೋ ಗುರುತು, ಯಾರು ನೋಡ್ಕೊಂತಿದ್ದಾರೆ ಅನ್ನೋ ಹೆಸರು. ಇದಕ್ಕೆ ಎಷ್ಟು ಖರ್ಚಾಗುತ್ತೆ ನೀವೇ ಹೇಳಿ. ರಿಜಿಸ್ಟರಲ್ಲಿ ಇಲ್ಲದ್ದು ಕಳೆದುಹೋದ್ರೆ ಆಡಿಟ್‌ನಲ್ಲಿ ಯಾರೂ ಕೇಳಲ್ಲ. ಇದು ನಮ್ಮ ಸಿಲಬಸ್ಸಲ್ಲೇ ಇರೋ ಮಾತು.

ಬೆಂಗಳೂರಲ್ಲಿ ಹೆಬ್ಬಾಳದ ಕಿತ್ತಯ್ಯನ ಕಲ್ಲು ಹಂಗೇ ಉಳೀತು. ಸುಮಾರು ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ. ಕಿತ್ತಯ್ಯ ಅನ್ನೋನು ಊರ ಮೇಲಿನ ದಾಳಿಯಲ್ಲಿ ಹೋರಾಡಿ ಸತ್ತ. 2018ರಲ್ಲಿ ಅದು ಸಿಕ್ಕಿದಾಗ ಜನರೇ ಮುಂದೆ ಬಂದು ಉಳಿಸಿಕೊಂಡ್ರು. ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನ ತ್ರೀಡಿ ಸ್ಕ್ಯಾನ್ ಮಾಡ್ತಿದ್ದಾರೆ. ಕಲ್ಲು ನಾಳೆ ಹೋದ್ರೂ ಅಕ್ಷರ ಉಳಿಯುತ್ತೆ.

ಈಗ ನನ್ನ ಪೇಂಟಿನ ವಿಷಯಕ್ಕೆ ಬರ್ತೀನಿ. ಇಷ್ಟೊತ್ತು ತಳ್ಕೊಂಡು ಬಂದೆ.

ಬಿ.ಎಲ್. ರೈಸ್ ಅಂತ ಒಬ್ಬರು ಇಡೀ ಮೈಸೂರು ಸಂಸ್ಥಾನದ ಶಾಸನಗಳನ್ನ ಊರೂರು ಹುಡುಕಿಸಿ ಅಚ್ಚು ಹಾಕಿಸಿದ್ರು, ಎಪಿಗ್ರಾಫಿಯಾ ಕರ್ನಾಟಿಕಾ. 12ನೇ ಸಂಪುಟ ತುಮಕೂರು ಜಿಲ್ಲೆಯದು, 1904ರದ್ದು. ತುಮಕೂರು, ಗುಬ್ಬಿ, ಕುಣಿಗಲ್, ತಾಲೂಕುವಾರು ಇದೆ, ನೆಟ್ಟಲ್ಲಿ ಫ್ರೀ. ಮೂರು ರಾತ್ರಿ ಕೂತು ಕುಣಿಗಲ್ ಭಾಗ ಪೂರ್ತಿ ನೋಡಿದೆ. ನಮ್ಮಜ್ಜಿ ಊರಿನ ಹೆಸರು ಅದರಲ್ಲಿಲ್ಲ. ಆಮೇಲೆ ಬಂದ ಸಂಪುಟಗಳನ್ನ ಈಗ ಹುಡುಕ್ತಾ ಇದ್ದೀನಿ, ಇನ್ನೂ ಸಿಕ್ಕಿಲ್ಲ.

ಅಂದ್ರೆ ಅರ್ಥ ಆಯ್ತಾ? ಆ ಕಲ್ಲಿನ ಎರಡನೇ ಪಟ್ಟಿ ಕೆಳಗೆ ಎರಡು ಸಾಲು ಅಕ್ಷರ ಇತ್ತು. ನಂಗೆ ಚೆನ್ನಾಗಿ ನೆನಪಿದೆ, ಯಾಕಂದ್ರೆ ಆ ಗೆರೆಗಳಲ್ಲಿ ಪೇಂಟ್ ನಿಲ್ತಿರಲಿಲ್ಲ, ನಾನು ಬ್ರಶ್ ತುದಿಯಿಂದ ಒತ್ತಿ ಒತ್ತಿ ತುಂಬಿಸಿದ್ದೆ. ಆ ಮನುಷ್ಯನ ಹೆಸರು ಪ್ರಪಂಚದಲ್ಲಿ ಬೇರೆ ಎಲ್ಲೂ ಬರೆದಿಲ್ಲದೇ ಇರಬಹುದು. ಇದ್ದ ಒಂದೇ ಕಾಪಿಯನ್ನ ನಾನು ಮುಚ್ಚಿದೆ.

8/8

ಹೋದ ಭಾನುವಾರ ಅಲ್ಲಿಗೆ ಹೋಗಿದ್ದೆ. ರಸ್ತೆ ಅಗಲ ಮಾಡ್ತಾರಂತೆ, ಕಲ್ಲಿಂದ ನಾಲ್ಕು ಅಡಿ ದೂರದಲ್ಲಿ ಕೆಂಪು ಬಣ್ಣದ ಗುರುತು ಹಾಕಿದ್ದಾರೆ, ಫೋಟೋ ಆರು. ಸುತ್ತ ಸೊಂಟದ ಎತ್ತರ ಕಾಂಗ್ರೆಸ್ ಗಿಡ. ಅಜ್ಜಿಗೆ ಈಗ ಮಂಡಿ ನೋವು, ಏರಿ ಹತ್ತೋಕಾಗಲ್ಲ, ಆರು ತಿಂಗಳಿಂದ ಯಾರೂ ನೀರು ಹಾಕಿಲ್ಲ. "ನೀನಾದ್ರೂ ಹೋಗಿ ಒಂದ್ ಹೂ ಇಟ್ಟು ಬಾ ಮಗ" ಅಂದ್ರು.

ಕತ್ತಲಾದ ಮೇಲೆ ಮಾವನ ಮಗನ ಜೊತೆ ಮತ್ತೆ ಹೋದೆ. ಟಾರ್ಚನ್ನ ಎದುರಿಂದ ಬಿಟ್ಟರೆ ಬರೀ ಹೊಳಪು. ಪಕ್ಕದಿಂದ, ಕಲ್ಲಿಗೆ ತಾಗೋ ಹಾಗೆ ಹಿಡಿದ್ರೆ ತಗ್ಗಿನಲ್ಲಿ ನೆರಳು ಬೀಳುತ್ತೆ. ಅವನು ಟಾರ್ಚ್ ಹಿಡಿದ, ನಾನು 40 ಫೋಟೋ ತೆಗೆದೆ. ಮೊದಲ ಸಾಲಿನ ಶುರುವಲ್ಲಿ ಒಂದು ಶ್ರೀ ಇದೆ. ಅದಾದ ಮೇಲೆ ನಂಗೆ ಗೊತ್ತಾಗಲಿಲ್ಲ, ಹಳೇ ಲಿಪಿ. ಏಳು ಮತ್ತು ಎಂಟನೇ ಫೋಟೋ ಅದೇ. ಹಳಗನ್ನಡ ಲಿಪಿ ಓದೋರು ಯಾರಾದ್ರೂ ಗೊತ್ತಿದ್ರೆ, ನಿಮ್ಮ ಕನ್ನಡ ಎಂಎ ಅಕ್ಕ, ಮೇಷ್ಟ್ರು, ಯಾರೇ ಆಗಲಿ, ದಯವಿಟ್ಟು ಟ್ಯಾಗ್ ಮಾಡಿ.

ಪೇಂಟ್ ತೆಗೆಯೋಕೆ ನಾನು ಕೈ ಹಾಕಲ್ಲ. ಥಿನ್ನರ್ ಹಾಕು, ಆಸಿಡ್ ಹಾಕು, ವೈರ್ ಬ್ರಶ್ ಹಾಕು ಅಂತ ಮೂರು ಜನ ಹೇಳಿದ್ರು. ಬೇಡ. ಅಕ್ಷರದ ಅಂಚೇ ಕಿತ್ತು ಬರುತ್ತೆ. ಒಂದು ಸಲ ಒಳ್ಳೇದು ಮಾಡೋಕೆ ಹೋಗಿ ಮಾಡಿದ್ದು ಸಾಕು. ಅದನ್ನ ಗೊತ್ತಿರೋರೇ ಮಾಡಲಿ ಅಂತ ಪುರಾತತ್ವ ಇಲಾಖೆಗೆ ಒಂದು ಅರ್ಜಿ, ರಸ್ತೆ ಕೆಲಸಕ್ಕೆ ಮುಂಚೆ ಕಲ್ಲನ್ನ ರಿಜಿಸ್ಟರಿಗೆ ಸೇರಿಸಿ ಅಂತ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟಿದ್ದೀನಿ. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸ್ಕೊಂಡಿದೀನಿ. ಅಪ್ಲಿಕೇಶನ್ ನಮೂನೆ ಬೇಕಾದವರು ಡಿಎಂ ಮಾಡಿ, ಊರಿನ ಹೆಸರು ಬದಲಾಯಿಸಿದ್ರೆ ಸಾಕು.

ಈ ಭಾನುವಾರ ಬೆಳಗ್ಗೆ ಏಳಕ್ಕೆ ತುಮಕೂರು ಬಸ್ ಸ್ಟ್ಯಾಂಡಲ್ಲಿ ಇರ್ತೀನಿ, ಕುಣಿಗಲ್ ಬಸ್ ನಿಲ್ಲೋ ಕಡೆ. ಸದ್ಯಕ್ಕೆ ನಾಲ್ಕು ಜನ ಬರ್ತೀವಿ ಅಂದಿದ್ದಾರೆ. ಕಳೆ ಕೀಳೋ ಕೆಲಸ ಅಷ್ಟೇ, ಕಲ್ಲು ಮುಟ್ಟೋ ಹಾಗಿಲ್ಲ. ಕಾಂಗ್ರೆಸ್ ಗಿಡ ಮೈ ಕಡಿಯುತ್ತೆ, ಫುಲ್ ತೋಳಿನ ಶರ್ಟ್ ಹಾಕ್ಕೊಂಡು ಬನ್ನಿ, ಕೈಗೆ ಗ್ಲೌಸ್ ಇದ್ರೆ ತನ್ನಿ. ಊಟಕ್ಕೆ ಅಜ್ಜಿ ಮನೇಲಿ ಮುದ್ದೆ, ಉಪ್ಸಾರು. ಬರೋರು ಶನಿವಾರ ಸಂಜೆ ಒಳಗೆ ಹೇಳಿ, ಎಷ್ಟು ಮುದ್ದೆ ಅಂತ ಅಜ್ಜಿಗೆ ಲೆಕ್ಕ ಕೊಡ್ಬೇಕು.

#ವೀರಗಲ್ಲು #ಕುಣಿಗಲ್ #ಗುಬ್ಬಿ #ತುಮಕೂರು #ಈರಗಾರಪ್ಪ